ಹತ್ತು ಮೈಯ ಅರಿವೆ, ಒಂದು ಕೂಸಿನ ಕೌದಿ

ಬಿಸಿಲು ನೆತ್ತಿಗೇರಿದೆ. ನವಲಗುಂದ ಸೀಮೆಯ ಎರೆಹೊಲಗಳಲ್ಲಿ ಹತ್ತಿ ಬಿಡಿಸುವುದು ಮುಗಿದಿದೆ. ಕಡಲೆ, ಜೋಳ ಮನೆ ಸೇರಿವೆ. ನೆಲ ಅಂಗೈ ಅಗಲದ ಬಿರುಕು ಬಿಟ್ಟಿದೆ. ಹೋಳಿಹುಣ್ಣಿಮೆ ಕಳೆದ ಮೇಲೆ, ಮುಂಗಾರಿನ ಕೆಲಸ ಹತ್ತುವುದರೊಳಗೆ, ಊರಿನ ಹೆಂಗಸರ ಕೈಗೆ ಒಂದಿಷ್ಟು ಬಿಡುವು ಸಿಗುವುದು ಈಗಲೇ. ಕೌದಿ ಹೊಲಿಯುವ ಕಾಲವೂ ಇದೇ.

ಮಣ್ಣಿನ ಮಾಳಿಗೆಯ ಮನೆ. ಚಪ್ಪಲಿ ಬಿಟ್ಟು, ಕಟ್ಟೆಯ ಮೇಲಿಟ್ಟ ತಂಬಿಗೆಯ ನೀರಿನಲ್ಲಿ ಕಾಲು ತೊಳೆದು, ತಲೆ ಬಗ್ಗಿಸಿ ಬಾಗಿಲು ದಾಟುತ್ತೀರಿ. ಹೊರಗಿನ ಬಿಸಿಲು ಕಣ್ಣಲ್ಲೇ ಉಳಿದಿರುವುದರಿಂದ ಒಳಗೇನೂ ಕಾಣುವುದಿಲ್ಲ. ತುಸು ನಿಲ್ಲಿ. ಗೋಡೆ ಎರಡು ಮೊಳ ದಪ್ಪ. ಅದರ ತಂಪು ಮೊದಲು ಪಾದಕ್ಕೆ, ಆಮೇಲೆ ಕುತ್ತಿಗೆಗೆ ತಾಗುತ್ತದೆ. ಒಳಕೋಣೆಯಿಂದ ಅಜವಾನದ ಹೊಗೆ, ಕೊಬ್ಬರಿ ಎಣ್ಣೆ, ಬಳ್ಳೊಳ್ಳಿ ಒಗ್ಗರಣೆ ಕೂಡಿದ ವಾಸನೆ ಬರುತ್ತಿದೆ. ಬಾಣಂತಿ ಇರುವ ಮನೆ ಎಂದು ಯಾರೂ ಹೇಳಬೇಕಿಲ್ಲ. ಆ ಬಾಣಂತಿ ನಿಮ್ಮ ಗೆಳತಿ. ಬೆಂಗಳೂರಿನಲ್ಲಿ ಒಂದೇ ಕೋಣೆಯಲ್ಲಿ ಇದ್ದವರು ನೀವಿಬ್ಬರು. ಚೊಚ್ಚಲ ಹೆರಿಗೆಗೆ ಅವಳು ತವರಿಗೆ ಬಂದಿದ್ದಾಳೆ. ನೀವು ಕೂಸು ನೋಡಲು ಬಂದಿದ್ದೀರಿ.

ಪಡಸಾಲೆಯಲ್ಲಿ ನಾಲ್ವರು ಹೆಂಗಸರು. ಮಾಳಿಗೆಯ ಬೆಳಕಿಂಡಿಯಿಂದ ಇಳಿದ ಬಿಸಿಲು ನೆಲದ ಮೇಲೆ ಚೌಕವಾಗಿ ಬಿದ್ದಿದೆ. ಅವರು ಅದರ ಪಕ್ಕಕ್ಕೆ ಕೂತಿದ್ದಾರೆ, ಒಳಗಲ್ಲ. ಸೂಜಿಗೆ ಬೆಳಕು ಸಾಕು.

“ಬರ್ರಿ, ಬರ್ರಿ. ಎಂಥಾ ಬಿಸಲಾಗ ಬಂದೀರಿ. ಮೊದ್ಲ ನೀರು ಕುಡೀರಿ, ಆಮ್ಯಾಲ ಕೂಸಿನ್ನ ನೋಡೂವಂತ್ರಿ.” ಇವರು ಆಯಿ, ಗೆಳತಿಯ ಅಜ್ಜಿ, ಕೂಸಿನ ಮುತ್ತಜ್ಜಿ. ಅವರ ಎದುರಿಗೆ ಗೆಳತಿಯ ಅವ್ವ. ಗೋಡೆಯ ಕಡೆ ಮಗ್ಗಲ ಮನೆಯ ಚಿಗವ್ವ. ನಾಲ್ಕನೆಯವಳು ಗೆಳತಿಯ ಅಣ್ಣನ ಹೆಂಡತಿ. ಹಳಿಯಾಳದ ಕಡೆಯಿಂದ ಈ ಮನೆಗೆ ಬಂದ ಸೊಸೆ. ಎಲ್ಲರ ನಡುವೆ ಹಳೆ ಅರಿವೆಯ ದೊಡ್ಡ ಗಂಟು, ಇನ್ನೂ ಬಿಚ್ಚಿಲ್ಲ.

ಇನ್ನು ಮೂರು ದಿನಕ್ಕೆ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುತ್ತಾರೆ. ಅಷ್ಟರಲ್ಲಿ ತೊಟ್ಟಿಲ ಕೌದಿ ಆಗಬೇಕು. ಮುಂಚೆಯೇ ಹೊಲಿದಿಡಬಹುದಿತ್ತಲ್ಲ ಎಂದು ನಿಮಗನ್ನಿಸುತ್ತದೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರಂತೆ ಎಂಬ ಗಾದೆಯನ್ನು ನಾವು ಅವಸರದವರಿಗೆ ಹೇಳುತ್ತೇವೆ. ಈ ಮನೆಯಲ್ಲಿ ಅದು ನಡೆಸಿಕೊಂಡು ಬಂದ ಕಟ್ಟಳೆ. “ಹುಟ್ಟೂಕಿಂತ ಮೊದ್ಲ ಸೂಜಿ ಮುಟ್ಟಬ್ಯಾಡ್ರಿ ಅಂತ ನಾನ ಹೇಳಿದ್ದೆ,” ಎನ್ನುತ್ತಾರೆ ಆಯಿ. “ಕೂಸು ಕಣ್ಣು ಬಿಡಲಿ, ಆಮ್ಯಾಲ ನೋಡೂಣು.” ಹಿಂದೆ ಎಷ್ಟು ತೊಟ್ಟಿಲು ಬರಿದಾಗಿದ್ದನ್ನು ಕಂಡ ತಲೆಮಾರು ಈ ಮಾತನ್ನು ಕಟ್ಟಿಕೊಂಡಿತೋ. ನಾನಂತೂ ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕಲಾರೆ.

ಹುಟ್ಟುವ ಮೊದಲು ಸೂಜಿ ಮುಟ್ಟಬಾರದು ನಿಜ, ಆದರೆ ಅರಿವೆ ಕೂಡಿಡಬಾರದು ಎಂದೇನಿಲ್ಲ. ಗಂಟು ಬಿಚ್ಚಿದಾಗ ಅದು ಗೊತ್ತಾಗುತ್ತದೆ. ಎಲ್ಲವೂ ಒಗೆದು ಒಣಗಿಸಿದವು. ಮೊನ್ನೆ ಹಿತ್ತಲ ಹಂಡೆಯಲ್ಲಿ ನೀರು ಕುದಿಸಿ, ಅಂಟವಾಳಕಾಯಿಯ ನೊರೆಯಲ್ಲಿ ನೆನೆಸಿ, ಕಲ್ಲಿಗೆ ಬಡಿಯದೆ ಕೈಯಲ್ಲೇ ಹಿಂಡಿ, ಮಾಳಿಗೆಯ ಮೇಲೆ ಬಿಸಿಲಿಗೆ ಹರವಿದ್ದಾರೆ. ಸೋಪಿನ ಪುಡಿ ಎಷ್ಟು ತೊಳೆದರೂ ಒಂದಿಷ್ಟು ಉಳಿಯುತ್ತದೆ, ಕೂಸಿನ ಮೈಗೆ ಬೇಡ ಎಂದು ಅವ್ವನ ಹಟ. ಒಂದು ಮಡಿಕೆ ಕೈಗೆತ್ತಿಕೊಂಡು ನೋಡಿ. ನೂರಾರು ಸಲ ನೀರು ಕಂಡ ಹತ್ತಿ ಗಂಜಿಯನ್ನೆಲ್ಲ ಕಳೆದುಕೊಂಡಿದೆ, ನೂಲು ಸಡಿಲವಾಗಿದೆ. ಹೊಸ ಬಟ್ಟೆಯನ್ನು ಎಷ್ಟು ಬೆಲೆ ಕೊಟ್ಟು ತಂದರೂ ಈ ಮೆತುವು ಬರುವುದಿಲ್ಲ. ಎಳೆಗೂಸಿಗೆ ಹಳೆಯ ಅರಿವೆಯೇ ಆಗಬೇಕು ಎನ್ನುವುದು ಬಡತನದಿಂದ ಮಾತ್ರ ಹುಟ್ಟಿದ ರೂಢಿಯಲ್ಲ.

ಆಯಿ ಒಂದೊಂದನ್ನೇ ಎತ್ತುತ್ತಾರೆ. ಎತ್ತಿದ್ದರ ಹಿಂದೆ ಒಬ್ಬರ ಹೆಸರು. ಇದು ಅವ್ವನ ಇಳಕಲ್ಲ ಸೀರೆ. ಒಡಲು ಹತ್ತಿ, ಸೆರಗು ರೇಷ್ಮೆ. ಇಳಕಲ್ಲ ಸೀರೆಯಲ್ಲಿ ಸೆರಗಿನ ಹಾಸುನೂಲನ್ನೂ ಒಡಲಿನ ಹಾಸುನೂಲನ್ನೂ ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸುತ್ತಾರೆ. ಎಷ್ಟೋ ಸಲ ಮೊದಲು ದಣಿಯುವುದು ಆ ಕೂಡಿನ ಜಾಗವೇ. ಇಲ್ಲಿಯೂ ಹಾಗೇ ಆಗಿದೆ. ಒಡಲು ಮಾತ್ರ ಗಟ್ಟಿ. ಕೆಂಪು ತೋಪು ತೆನಿ ಮಾದರಿಯ ಸೆರಗನ್ನು ಅವ್ವ ಬೇರೆ ಮಾಡಿ ಮಡಿಚಿ ಪಕ್ಕಕ್ಕಿಡುತ್ತಾರೆ, ರೇಷ್ಮೆ ಕೂಸಿಗೆ ಜಾರುತ್ತದೆ, ಒಗೆಯಲೂ ಕಷ್ಟ. ಇದು ಗುಳೇದಗುಡ್ಡ ಖಣದ ಕುಪ್ಪಸ, ಚಿಗವ್ವ ತಂದದ್ದು. ಬೆನ್ನಿನ ಭಾಗ ಮಾತ್ರ ಬಳಸಬಹುದು. ಇದು ಕೂಸಿನ ಸೋದರಮಾವ ಶಾಲೆಗೆ ಹಾಕಿಕೊಂಡು ಹೋಗುತ್ತಿದ್ದ ಬಿಳಿ ಅಂಗಿ, ಜೇಬಿನ ಮೇಲೆ ಶಾಯಿ ಕಲೆ. ಅವ್ವ ಕಲೆಯ ಭಾಗ ಹರಿದು ತೆಗೆಯಲು ಹೋದಾಗ ಆಯಿ ತಡೆಯುತ್ತಾರೆ. “ಇರಲಿ ಬಿಡು. ಅಂವಾ ಬರದ ಕಲೀತ, ಇದೂ ಕಲೀಲಿ.”

ಅರಿವೆಯನ್ನು ಇಲ್ಲಿ ಕತ್ತರಿಸುವುದಿಲ್ಲ, ಹರಿಯುತ್ತಾರೆ. ಅಂಚಿಗೆ ಹಲ್ಲಿನಿಂದ ಚೂರು ಗಾಯ ಮಾಡಿ, ಎರಡೂ ಕೈಯಲ್ಲಿ ಹಿಡಿದು ಒಂದೇ ಎಳೆತ. ಪಡಸಾಲೆ ತುಂಬ ಚರ್ರೆಂಬ ಸದ್ದು. ಹರಿದ ಬಟ್ಟೆ ನೂಲಿನ ದಾರಿಯಲ್ಲೇ ಹೋಗುತ್ತದೆ, ಹಾಗಾಗಿ ತುಂಡು ನೇರವಾಗಿ ಬರುತ್ತದೆ. ಕತ್ತರಿ ಸೊಟ್ಟ ಹೋಗಬಹುದು, ನೂಲು ಹೋಗುವುದಿಲ್ಲ. ಜೊತೆಗೆ ಇದು ಪರೀಕ್ಷೆಯೂ ಹೌದು. ಎಳೆದ ಕೂಡಲೇ ಅಡ್ಡಾದಿಡ್ಡಿ ಹರಿದರೆ ಆ ಅರಿವೆಯ ಕಸುವು ಮುಗಿದಿದೆ ಎಂದರ್ಥ. ಅದು ಒರೆಸುವ ಬಟ್ಟೆಗೆ ಹೋಗುತ್ತದೆ, ಕೌದಿಗೆ ಬರುವುದಿಲ್ಲ. ನೈಲಾನು, ಪಾಲಿಯೆಸ್ಟರು ಗಂಟಿನಲ್ಲಿ ಬಂದಿದ್ದರೂ ಬೆರಳಿಗೆ ಸಿಕ್ಕಕೂಡಲೇ ಹೊರಗೆ. ಬೆವರು ಹೀರದ ಬಟ್ಟೆಯಲ್ಲಿ ಕೂಸು ಕುದಿಯುತ್ತದೆ.

ಆಮೇಲೆ ಗಂಟಿನ ತಳದಿಂದ ಒಂದು ಧೋತರ ಬರುತ್ತದೆ. ಹಳದಿಗೆ ತಿರುಗಿದ ಬಿಳಿ, ಅಂಚಿನಲ್ಲಿ ತೆಳು ಕೆಂಪು ಗೆರೆ. ಆಯಿಯ ಕೈ ಅದನ್ನು ಹರವುವ ಬಗೆ ಬೇರೆ ಎಂದು ನಿಮಗೆ ಕಾಣುತ್ತದೆ. ಅದು ಅಜ್ಜನದು. ಅಜ್ಜ ಈಗಿಲ್ಲ.

ಚಿಗವ್ವ ಸುಮ್ಮನಿರಲಾರಳು. “ಯಕ್ಕಾ, ಹೋದವರ ಅರಿವಿ ಕೂಸಿನ ಕೌದ್ಯಾಗ ಹಾಕ್ತಿಯೇನ?” ಮಾತು ಒರಟಲ್ಲ, ಅಂಜಿಕೆಯದು. ಹಲವು ಮನೆಗಳಲ್ಲಿ ಹಾಕುವುದಿಲ್ಲ. ಸೊಸೆ ತಲೆ ತಗ್ಗಿಸುತ್ತಾಳೆ. ಅವ್ವ ತನ್ನ ಅತ್ತೆಯ ಮುಖ ನೋಡುತ್ತಾರೆ.

ಆಯಿ ಸಿಟ್ಟಾಗುವುದಿಲ್ಲ. ಧೋತರದ ನಡುಭಾಗ ಎತ್ತಿ ಬೆಳಕಿಗೆ ಹಿಡಿಯುತ್ತಾರೆ. ಎರಡೂ ತುದಿಯಲ್ಲಿ ಬಟ್ಟೆ ಸುರುಳಿಗೊಂಡು ಸವೆದ ಗುರುತು, ಹಗ್ಗದ ಉಜ್ಜು. “ಇದನ್ನ ಅವರು ಉಟ್ಟಿದ್ದು ಎರಡ ವರ್ಸ ಅಷ್ಟ. ಆಮ್ಯಾಲ ಇದು ಜೋಳಿಗಿ ಆತು. ಅಗಾ, ಆ ತೊಲಿಗೆ ಕಟ್ಟಿದ್ವಿ. ನನ್ನ ಐದೂ ಮಕ್ಕಳು ಇದರಾಗ ಮಲಗಿ ಬೆಳದಾವ. ಐದೂ ಉಳದಾವ. ಇದಕ್ಕಿಂತ ಚಲೋ ಅರಿವಿ ಈ ಮನ್ಯಾಗ ಯಾವದೈತಿ, ನೀನ ಹೇಳು.”

ಚಿಗವ್ವ ಮೇಲೆ ತೊಲೆಯನ್ನು ನೋಡುತ್ತಾಳೆ. ನೀವೂ ನೋಡುತ್ತೀರಿ, ಮರದಲ್ಲಿ ಎರಡು ಕಡೆ ಹಗ್ಗ ಕೊರೆದ ತೋಡು ಈಗಲೂ ಇದೆ. “ಹಂಗಾದ್ರ ನಡಕ್ಕ ಹಾಕು,” ಎನ್ನುತ್ತಾಳೆ ಚಿಗವ್ವ. “ಕೂಸಿನ ಬೆನ್ನು ಬರೂವಲ್ಲಿ.” ವಾದ ಮುಗಿಯಿತು. ಕೌದಿಯ ಒಡಲಿನ ನಕ್ಷೆ ಹೀಗೆ ತಯಾರಾಗುತ್ತದೆ. ಯಾರ ಅರಿವೆ ಎಲ್ಲಿ ಬರಬೇಕು, ತಲೆಯ ಕಡೆ ಯಾರು, ಕಾಲ ಕಡೆ ಯಾರು ಎಂದು ಹೆಂಗಸರು ಬಾಯಿಮಾತಲ್ಲೇ ಗೊತ್ತುಮಾಡುತ್ತಾರೆ. ಅಂಗಡಿಯ ವಸ್ತುವಿನ ಮೇಲೆ ಹೆಸರು ಅಚ್ಚು ಹಾಕಿಸಿಕೊಡುವುದನ್ನು ನಾವೀಗ ವಿಶೇಷ ಉಡುಗೊರೆ ಎನ್ನುತ್ತೇವೆ. ಇಲ್ಲಿ ಯಾರ ಹೆಸರೂ ಬರೆದಿಲ್ಲ. ಆದರೂ ಈ ಕೌದಿಯನ್ನು ಇನ್ನೊಂದು ಮನೆಯ ಕೂಸಿಗೆ ಕೊಡಲು ಬರುವುದಿಲ್ಲ. ಅದರ ಪ್ರತಿ ಪದರವೂ ಈ ಕೂಸಿಗೆ ಏನಾದರೂ ಆಗಬೇಕಾದವರದು.

“ನಿಮ್ಮ ಹೆಗಲ ಮ್ಯಾಲಿನ ಓಢಣಿ ಹತ್ತೀದ ಏನ್ರಿ?” ಆಯಿ ನಿಮ್ಮನ್ನೇ ಕೇಳುತ್ತಿದ್ದಾರೆ. ಹೌದು, ಹತ್ತಿಯದು, ಬಣ್ಣ ಮಾಸಿದ ನೀಲಿ, ಪ್ರಯಾಣಕ್ಕೆಂದು ಹಾಕಿಕೊಂಡದ್ದು. ಒಳಕೋಣೆಯಿಂದ ಗೆಳತಿ ಕೂಗುತ್ತಾಳೆ: “ಆಯಿ, ಅದನ್ನ ಬಿಡಬ್ಯಾಡ, ಎಂ.ಎ. ಮುಗಿಯೂತನಕ ನಾವಿಬ್ಬರೂ ಪಾಳಿ ಮ್ಯಾಲೆ ಹಾಕ್ಕೊಂಡದ್ದು.” ನೀವು ಓಢಣಿ ತೆಗೆದು ಕೊಡುತ್ತೀರಿ. ಅವ್ವ ಹಲ್ಲಿನಿಂದ ಅಂಚು ಕಚ್ಚುತ್ತಾರೆ, ಒಂದು ಎಳೆತ, ಅರ್ಧ ನಿಮಗೆ ವಾಪಸು. ಉಳಿದರ್ಧ ಗಂಟಿನವರ ಜೊತೆ ಸೇರಿತು. ನೆಂಟಸ್ತಿಕೆ ಇಲ್ಲದ ನಿಮಗೂ ಕೌದಿಯಲ್ಲಿ ಜಾಗ ಸಿಕ್ಕಿದೆ, ಬಲ ಮೂಲೆಯ ಹತ್ತಿರ.

ಈಗ ನೆಲ ಗುಡಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಆರಿದ ಮೇಲೆ ಹಾಸುವ ಕೆಲಸ. ತೊಟ್ಟಿಲ ಕೌದಿ ಚಿಕ್ಕದು: ಎರಡು ಮೊಳ ಉದ್ದ, ಒಂದೂವರೆ ಮೊಳ ಅಗಲ. ಮೊಳ ಅಳೆದದ್ದು ಆಯಿಯ ಕೈಯಿಂದ. ಅಡಿಗೆ ಅವ್ವನ ಇಳಕಲ್ಲ ಸೀರೆಯ ಒಡಲು, ಒಂದೇ ತುಂಡು, ನಾಲ್ಕೂ ಕಡೆ ನಾಲ್ಕು ಬೆರಳು ಹೆಚ್ಚು. ಅದರ ಮೇಲೆ ಧೋತರ ಎರಡು ಮಡಿಕೆ. ಅದರ ಮೇಲೆ ಅಂಗಿ, ಹಳೆಯ ಸೀರೆಯ ಚೂರುಗಳು, ಎಲ್ಲೂ ದಪ್ಪ ತೆಳು ಆಗದಂತೆ ಜೋಡಿಸಿದ್ದು. ಇಡೀ ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಬೇಕು. ಸುಕ್ಕು ಉಳಿದರೆ ಹೊಲಿದ ಮೇಲೆ ಗಂಟಾಗುತ್ತದೆ, ಎಳೆಯ ಬೆನ್ನಿಗೆ ಚುಚ್ಚುತ್ತದೆ. ನಾಲ್ಕು ಮೂಲೆಗೆ ನಾಲ್ಕು ಭಾರ: ಒಂದು ಕಲ್ಲು, ಒಂದು ಹಿತ್ತಾಳೆ ತಂಬಿಗೆ, ಕುಟ್ಟಾಣಿ, ಇನ್ನೊಂದಕ್ಕೆ ಚಿಗವ್ವನ ಮೊಣಕಾಲು. ಪದರಗಳ ನಡುವೆ ನಿಂತ ಗಾಳಿಯೇ ಬೆಚ್ಚಗಿಡುವುದು. ಅದಕ್ಕೇ ಹತ್ತಿ ತುಂಬಿದ ರಜಾಯಿ ಬೇಕಿಲ್ಲದೆ, ತೆಳ್ಳಗಿನ ಸೀರೆಗಳೇ ನಾಲ್ಕೈದು ಸೇರಿ ಮಾಗಿಯ ಚಳಿ ತಡೆಯುತ್ತವೆ.

ಮೇಲಿನ ಪದರ ತ್ಯಾಪೆಗಳದು. ಖಣದ ಚೌಕ, ನಿಮ್ಮ ನೀಲಿ, ಆಯಿಯ ಕರಿ ಚಂದ್ರಕಾಳಿ ಸೀರೆಯಿಂದ ಒಂದು ಪಟ್ಟಿ, ಸೊಸೆಯ ಹಳದಿ ವಾಯಿಲ್. ಬಣ್ಣದ ಪಕ್ಕ ಬಣ್ಣ ಇಟ್ಟು ತೆಗೆದು ಮತ್ತೆ ಇಡುತ್ತಾರೆ. ಮಾದರಿ ಹಾಳೆ ಇಲ್ಲ, ಪೆನ್ಸಿಲ್ ಗೆರೆ ಇಲ್ಲ. ಹಳದಿ ಕರಿಯ ಪಕ್ಕ ಕೂರುತ್ತದೆ, ಖಣದ ಪಕ್ಕ ಕೂರುವುದಿಲ್ಲ ಎಂಬುದನ್ನು ನಾಲ್ವರೂ ಒಂದೇ ಹೊತ್ತಿಗೆ ಕಾಣುತ್ತಾರೆ.

ಸೊಸೆ ಮೆಲ್ಲಗೆ ಒಂದು ಮಾತು ಹೇಳುತ್ತಾಳೆ. ಅವಳ ತವರಿನ ಕಡೆ ಸಿದ್ದಿಯರು ಹೊಲಿಯುವ ಕವಂದಿಗೆ ನಾಲ್ಕೂ ಮೂಲೆಯಲ್ಲಿ ಬಟ್ಟೆಯನ್ನು ಮಡಿಚಿ ಮುಕ್ಕೋನ ಮಾಡಿದ ಹೂವು ಇರುತ್ತದೆ. ಅದಿಲ್ಲದ ಕವಂದಿ ಬೆತ್ತಲೆ ಎನ್ನುತ್ತಾರೆ ಅವರು. “ಇದಕ್ಕೂ ಹಾಕೂಣೇನ್ರಿ?” ಆಯಿ ಒಂದು ಮೂಲೆಗೆ ಹಾಕಿ ತೋರಿಸು ಎನ್ನುತ್ತಾರೆ. ಸೊಸೆ ಬೆರಳಲ್ಲೇ ಮಡಿಚುತ್ತಾಳೆ, ಒಂದರ ಮೇಲೊಂದು ಮೂರು ಬಣ್ಣ. ಎಲ್ಲರೂ ಬಾಗಿ ನೋಡುತ್ತಾರೆ.

ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನ ಸಿದ್ದಿ ಹೆಂಗಸರ ಈ ಕೈಕೆಲಸ ಲೋಕ ಸುತ್ತಿದೆ. ಆಫ್ರಿಕಾದಿಂದ ಬಂದವರ ವಂಶದವರು ಇವರು. ಹಲವರ ಹಿರಿಯರು ಪೋರ್ಚುಗೀಸರ ಗೋವೆಯಿಂದ ತಪ್ಪಿಸಿಕೊಂಡು ಈ ಕಾಡು ಸೇರಿದವರು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇಲ್ಲಿ ಬಂದು ಇವರೊಡನೆ ಕೆಲಸ ಮಾಡಿದರು. 2004ರಲ್ಲಿ ಸಿದ್ದಿ ಹೆಂಗಸರ ಕವಂದಿ ಸಹಕಾರ ಸಂಘ ಹುಟ್ಟಿತು. 2011ರಲ್ಲಿ ಇವರ ಕವಂದಿಗಳು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶೋಂಬರ್ಗ್ ಕೇಂದ್ರದ ಗೋಡೆಯ ಮೇಲೆ ತೂಗಿದವು. ಕ್ರೈಸ್ತ ಸಿದ್ದಿಯರ ಕವಂದಿಯಲ್ಲಿ ಶಿಲುಬೆಯೂ ಮುಸ್ಲಿಂ ಸಿದ್ದಿಯರದರಲ್ಲಿ ಅರ್ಧಚಂದ್ರವೂ ಬರುವುದುಂಟು. ಗೋಡೆಯ ಮೇಲೆ ಅವು ಚಂದವೇ. ಆದರೆ ಅವು ಹುಟ್ಟಿದ್ದು ಮಕ್ಕಳನ್ನು, ಮೊಮ್ಮಕ್ಕಳನ್ನು ಹೊದಿಸಲಿಕ್ಕೆ. ಬಂಗಾಳದ ಕಾಂಥಾ, ಬಿಹಾರದ ಸುಜನಿ, ಮಹಾರಾಷ್ಟ್ರದ ಗೋಧಡಿ ಎಲ್ಲವೂ ಹೀಗೆ ಮನೆಯ ಹಳೆಯ ಸೀರೆಯಿಂದ ಮನೆಯವರಿಗಾಗಿ ಹುಟ್ಟಿದವು. ಬಂಗಾಳದಲ್ಲಿ ಹೊಲಿಯುವ ದಾರವನ್ನೂ ಸೀರೆಯ ಅಂಚಿನಿಂದಲೇ ಎಳೆದು ತೆಗೆಯುತ್ತಿದ್ದರು.

ಇತ್ತ ಆಯಿ ತೀರ್ಮಾನ ಕೊಟ್ಟಾಯಿತು. “ನಾಲ್ಕೂ ಮೂಲಿಗೆ ಹಾಕು. ನಿನ್ನ ತವರಿಂದೂ ಇರಲಿ.” ಸೊಸೆ ಈ ಮನೆಗೆ ಬಂದು ಬಹಳ ದಿನವಾಗಿಲ್ಲ. ಅವಳ ಮುಖ ನೋಡಿ.

ಹೊಲಿಗೆ ಅಂಚಿನಿಂದ ಶುರು. ಅಡಿಯ ಸೀರೆಯ ಹೆಚ್ಚಿನ ಭಾಗವನ್ನು ಮೇಲಕ್ಕೆ ಮಡಿಚಿ ಗೋಟು ಕಟ್ಟುತ್ತಾರೆ. ಮೊದಲು ದೂರ ದೂರ ಕಚ್ಚಾ ಹೊಲಿಗೆ, ಪದರ ಸರಿಯದಿರಲಿ ಎಂದು. ಇದನ್ನು ಕೊನೆಗೆ ಬಿಚ್ಚಿ ತೆಗೆಯುತ್ತಾರೆ. ಆಮೇಲೆ ನಾಲ್ವರೂ ನಾಲ್ಕು ಕಡೆ ಕೂರುತ್ತಾರೆ. ಬಿಳಿಯ ಗಟ್ಟಿ ಹತ್ತಿ ದಾರ, ಜೋಡು ಎಳೆ, ಉದ್ದ ಸೂಜಿ. ಸೂಜಿ ಐದು ಪದರದೊಳಗೆ ಹೋಗಿ ಮತ್ತೆ ಮೇಲೆದ್ದು, ಒಂದೇ ಸಲಕ್ಕೆ ನಾಲ್ಕು ಹೊಲಿಗೆ ತುಂಬಿಕೊಂಡು ಆಮೇಲೆ ಎಳೆತ. ಒಂದು ಸುತ್ತು ಮುಗಿದರೆ ಬೆರಳಗಲ ಬಿಟ್ಟು ಇನ್ನೊಂದು ಸುತ್ತು ಒಳಗೆ. ಎತ್ತು ಹೂಡಿ ಅಂಚಿನಿಂದ ನಡುವಿಗೆ ಸುತ್ತು ಬರುತ್ತ ಗಳೆ ಹೊಡೆದ ಹೊಲದ ಹಾಗೆ ಸಾಲುಗಳು ಒಳಗೊಳಗೆ ಸಾಗುತ್ತವೆ. ದೊಡ್ಡವರ ಕೌದಿಯಲ್ಲಿ ಹೊಲಿಗೆ ಉದ್ದವಿದ್ದರೂ ನಡೆದೀತು. ಕೂಸಿನದರಲ್ಲಿ ಜೋಳದ ಕಾಳಿಗಿಂತ ಉದ್ದ ಇರಕೂಡದು; ಸಡಿಲ ದಾರದಲ್ಲಿ ಎಳೆಯ ಬೆರಳು ಸಿಕ್ಕಿಕೊಳ್ಳುತ್ತದೆ. ಗಂಟು ಹೊರಗೆ ಕಾಣಬಾರದು. ದಾರ ಮುಗಿದಾಗ ತುದಿಯನ್ನು ಪದರದೊಳಗೆ ನುಗ್ಗಿಸಿ ಅಲ್ಲೇ ಮುಚ್ಚಿಬಿಡುತ್ತಾರೆ.

“ಹಿಡಿಯವ್ವಾ.” ಸೂಜಿ ನಿಮ್ಮ ಕೈಗೆ ಬಂದಿದೆ. ರಿ ಹೋಗಿ ಅವ್ವಾ ಬಂತು. ಮೊದಲು ಆಯಿಯ ಕೈ ನೋಡಿ. ಎಡಗೈ ಕೌದಿಯ ಅಡಿಯಲ್ಲಿದೆ. ಸೂಜಿಯ ಮೊನೆ ಕೆಳಗಿನ ಬೆರಳಿಗೆ ತಾಗಿದ ಕ್ಷಣವೇ ಅದನ್ನು ಮೇಲಕ್ಕೆ ತಿರುಗಿಸಬೇಕು. ತಾಗದಿದ್ದರೆ ಅಡಿಯ ಪದರ ಹೊಲಿಗೆಗೆ ಸಿಕ್ಕಿಲ್ಲ. ಆಯಿಯ ಎಡಗೈ ನಡುಬೆರಳಿನ ತುದಿ ಒರಟಾಗಿ ಚುಕ್ಕೆ ಬಿದ್ದಿರುವುದು ಇದಕ್ಕೇ. ನಿಮ್ಮ ಮೊದಲ ಸಾಲು ಏರುಪೇರಾಗುತ್ತದೆ. ಯಾರೂ ಬಿಚ್ಚುವುದಿಲ್ಲ. ಯಾವ ಭಾಗವನ್ನು ಯಾರು ಹೊಲಿದರು ಎಂದು ಕೌದಿಯಲ್ಲಿ ಹೇಗೂ ಗೊತ್ತಾಗುತ್ತದೆ: ಅವ್ವನದು ಸಣ್ಣ, ಬಿಗಿ, ಚಿಗವ್ವನದು ಬೇಗ ಬೇಗ, ತುಸು ಎಡಕ್ಕೆ ವಾಲಿದ್ದು, ಆಯಿಯದು ಈಚೆಗೆ ಕಣ್ಣು ಮಂಜಾದ್ದರಿಂದ ಅಂತರ ಹೆಚ್ಚುಕಡಿಮೆ, ಆದರೆ ಸಾಲು ನೇರ. ಸಹಿ ಹಾಕುವುದೆಂದರೆ ನನಗೆ ಇದೇ.

ಕೈ ನಡೆಯುತ್ತಿದ್ದರೆ ಬಾಯಿ ತಾನೇ ಬಿಚ್ಚಿಕೊಳ್ಳುತ್ತದೆ. ಯಾರ ಮನೆಯ ಹೊಲ ಯಾರಿಗೆ ಲಾವಣಿಗೆ ಹೋಯಿತು, ಯಾವ ಹುಡುಗಿಗೆ ಎಲ್ಲಿಂದ ಕೇಳಿಕೊಂಡು ಬಂದರು. ನಡುವೆ ಒಳಗಿಂದ ಕೂಸಿನ ಅಳು. ನಾಲ್ಕು ಸೂಜಿಯೂ ಒಮ್ಮೆ ನಿಂತು, ಅಳು ನಿಂತ ಮೇಲೆ ಮುಂದೆ ಸಾಗುತ್ತವೆ. ಮಧ್ಯಾಹ್ನ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಗುರೆಳ್ಳು ಹಿಂಡಿ, ಮಜ್ಜಿಗೆ. ಉಂಡ ಕೈಯನ್ನು ಎರಡು ಸಲ ತೊಳೆದು, ಒಣಗಿಸಿ, ಮತ್ತೆ ಕೌದಿಗೆ. ಎಣ್ಣೆ ಜಿಡ್ಡು ಹತ್ತಿದರೆ ಇರುವೆ ಬರುತ್ತದೆ.

ಸಂಜೆಗೆ ಕೂಸಿನ ಸೋದರತ್ತೆ ಹುಬ್ಬಳ್ಳಿಯಿಂದ ಬಂದಿಳಿಯುತ್ತಾಳೆ. ಹೆಸರು ಕಿವಿಯಲ್ಲಿ ಹೇಳುವ ಹಕ್ಕು ಅವಳದು. ಹೇಳಿದ ಮೇಲೆ ಉಳಿದವರಿಂದ ಬೆನ್ನಿಗೆ ಗುದ್ದು ತಿನ್ನುವ ಭಾಗ್ಯವೂ ಅವಳದೇ. ಬರಿಗೈಯಲ್ಲಿ ಬಂದಿಲ್ಲ. ಕುಲಾವಿ ತಂದಿದ್ದಾಳೆ, ತಾನೇ ಕಸೂತಿ ಹಾಕಿದ್ದು. ನೀವು ತಿರುಗಿಸಿ ನೋಡಿ: ಮೇಲೆ ಹೇಗೋ ಒಳಗೂ ಹಾಗೇ, ಗಂಟೇ ಇಲ್ಲ. ಗವಂತಿ ಹೊಲಿಗೆಯಲ್ಲಿ ಸೂಜಿ ಹೋದ ದಾರಿಯಲ್ಲೇ ವಾಪಸು ಬಂದು ಬಿಟ್ಟ ಜಾಗ ತುಂಬುವುದರಿಂದ ಎರಡೂ ಮಗ್ಗಲು ಒಂದೇ. ಗೆರೆ ಎಳೆದುಕೊಂಡು ಹೊಲಿಯುವುದಿಲ್ಲ, ಬಟ್ಟೆಯ ಎಳೆ ಎಣಿಸಿ ಹೊಲಿಯುತ್ತಾರೆ. ಗೋಪುರ, ತೇರು, ನವಿಲು, ತುಳಸಿಕಟ್ಟೆಗಳ ಸಾಲಿನಲ್ಲಿ ತೊಟ್ಟಿಲೂ ಕಸೂತಿಯ ಒಂದು ಹಳೆಯ ಚಿತ್ರ. ಅವಳು ಹಣೆಯ ಮೇಲೆ ಬರುವಲ್ಲಿ ಅದನ್ನೇ ಹಾಕಿದ್ದಾಳೆ. ಮಗುವಿನ ಎಳೆತಲೆಗೆ ತಾಗುವುದು ಒಳಮಗ್ಗಲು; ಅಲ್ಲಿ ಗಂಟಿಲ್ಲದಂತೆ ನೋಡಿಕೊಂಡ ಕಸುಬನ್ನು ನಾನು ತುಂಬ ದೊಡ್ಡದೆಂದು ತಿಳಿಯುತ್ತೇನೆ.

ತೊಟ್ಟಿಲು ಕಲಘಟಗಿಯದು. ಸಾಗವಾನಿ ಕಟ್ಟಿಗೆಗೆ ಅರಗಿನ ಬಣ್ಣ ಹಾಕಿ ದೇವರ ಚಿತ್ರ ಬರೆಯುವ ಆ ಊರಿನ ತೊಟ್ಟಿಲುಗಳು ತಲೆಮಾರು ದಾಟಿದರೂ ಮಾಸುವುದಿಲ್ಲ. ಇದು ಆಯಿಯ ತವರಿನಿಂದ ಬಂದದ್ದಲ್ಲ. ಅಂದು ಜೋಳಿಗೆಯೇ ಗತಿ. ಅವ್ವನ ಚೊಚ್ಚಲ ಹೆರಿಗೆಗೆ ಅವರ ತವರಿನವರು ಕೊಟ್ಟದ್ದು. ಹೆಸರಿಡುವ ದಿನ ಕೂಸಿಗೆ ಮುಂಚೆ ಗುಂಡಕಲ್ಲಿಗೆ ಕುಂಚಿಗೆ ಹಾಕಿ ತೊಟ್ಟಿಲ ಕೆಳಗೂ ಮೇಲೂ ದಾಟಿಸುತ್ತಾರೆ, ಕಲ್ಲಿನಂತೆ ಗಟ್ಟಿಯಾಗಿ ಬಾಳಲಿ ಎಂದು. ಗಂಡುಮಕ್ಕಳು ಈ ಹೊತ್ತು ತೊಟ್ಟಿಲಿನ ಸರಪಳಿಗೆ ಎಣ್ಣೆ ಬಿಡುತ್ತಿದ್ದಾರೆ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಹೊಲಿಗೆಯ ಸುತ್ತು ನಡುವಿಗೆ ಬಂದಿದೆ. ಅಂಗೈ ಅಗಲದ ಜಾಗ ಉಳಿದಿದೆ, ಅದರ ಮೇಲಿನ ತ್ಯಾಪೆಯ ಒಂದು ಮಗ್ಗಲು ಇನ್ನೂ ಬಿಚ್ಚಿದೆ. ಆಯಿ ಸೂಜಿ ತಲೆಗೂದಲಿಗೆ ಒರೆಸಿ ನಿಲ್ಲಿಸುತ್ತಾರೆ. ಸೊಸೆ ಅಡುಗೆಮನೆಯಿಂದ ಬಿಳಿಜೋಳದ ಒಣ ರೊಟ್ಟಿಯ ಚೂರು ತರುತ್ತಾಳೆ. ಉಗುರಿನಷ್ಟು. ಅದನ್ನು ತ್ಯಾಪೆಯ ಕೆಳಗೆ, ಅಜ್ಜನ ಧೋತರದ ಮೇಲೆ ಇಟ್ಟು ಮುಚ್ಚುತ್ತಾರೆ.

“ಕೌದಿ ಹಸಕೊಂಡ ಇರಬಾರ್ದು,” ಎನ್ನುತ್ತಾರೆ ಆಯಿ. “ಅದರ ಹೊಟ್ಟಿ ತುಂಬಿದ್ರ ಹೊಚಿಗೊಂಡವರ ಹೊಟ್ಟೀನೂ ತುಂಬಿರತೈತಿ.”

ಕೊನೆಯ ಹೊಲಿಗೆಯನ್ನು ಯಾರು ಹಾಕಬೇಕು ಎಂದು ಮೊದಲೇ ಗೊತ್ತಾಗಿದೆ. ಬಾಣಂತಿ ಬಿಸಿಲಿಗೆ, ಗಾಳಿಗೆ ಬರುವಂತಿಲ್ಲ, ಕಣ್ಣಿಗೆ ಆಯಾಸ ಮಾಡಿಕೊಳ್ಳುವಂತಿಲ್ಲ. ಆದರೂ ಕೌದಿಯನ್ನು ಅವಳ ಕೋಣೆಗೇ ಒಯ್ಯುತ್ತಾರೆ. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫ್ ಕಟ್ಟಿಕೊಂಡ ನಿಮ್ಮ ಗೆಳತಿ ಒಂದು ಕೈಯಲ್ಲಿ ತ್ಯಾಪೆ ಸವರಿ ನಾಲ್ಕು ಹೊಲಿಗೆ ಹಾಕುತ್ತಾಳೆ. ದಾರವನ್ನು ಅವ್ವ ಹಲ್ಲಿನಿಂದ ಕಡಿಯುತ್ತಾರೆ. ಕೌದಿ ಮೊದಲು ಹರವುವುದು ಆಯಿಯ ಮಡಿಲ ಮೇಲೆ, ತೂಕ ನೋಡಲಿಕ್ಕೆ. ಭಾರವಿಲ್ಲ. ಚಿಗವ್ವ ಬೆರಳಿಟ್ಟು ಒಂದೊಂದೇ ತೋರಿಸುತ್ತಾಳೆ: ಇದು ನಿಮ್ಮವ್ವ, ಇದು ನಾನು, ಇದು ನಿನ್ನ ಗೆಳತಿ. ಕೂಸಿಗೆ ಇದೆಲ್ಲ ತಿಳಿಯಲು ಇನ್ನೂ ವರ್ಷಗಳು ಬೇಕು. ಆದರೆ ಮಹಾನವಮಿಗೆ ಮುಂಚೆ ಹಾಸಿಗೆ ಒಗೆಯುವಾಗಲೆಲ್ಲ ಯಾರಾದರೊಬ್ಬರು ಈ ಪಾಠ ಒಪ್ಪಿಸುತ್ತಾರೆ, ಹೀಗಾಗಿ ಅದಕ್ಕೆ ತನ್ನ ಮುತ್ತಜ್ಜನ ಧೋತರ ಗೊತ್ತಿರುತ್ತದೆ.

ಹೊರಗೆ ಬೀದಿಯಲ್ಲಿ ಹಳೆ ಅರಿವೆಗೆ ಸ್ಟೀಲ್ ಪಾತ್ರೆ ಕೊಡುವವಳ ಕೂಗು ಕೇಳುತ್ತಿದೆ. ಪ್ರತಿ ಊರಲ್ಲೂ, ಪ್ರತಿ ಬಡಾವಣೆಯಲ್ಲೂ ಈ ಕೂಗಿದೆ, ಅದು ಅವಳ ಹೊಟ್ಟೆಪಾಡು. ನೀವು ಬೆಂಗಳೂರಿಗೋ ಮೈಸೂರಿಗೋ ಮರಳಿದ ಮೇಲೆ ಅವಳಿಗೆ ಕೊಡಲು ಪಾಲಿಯೆಸ್ಟರ್ ಸೀರೆಗಳು ಬೇಕಾದಷ್ಟಿವೆ, ಕೊಡಿ. ಹತ್ತಿಯವನ್ನು ಎತ್ತಿಡಿ. ಒಂದು ತೊಟ್ಟಿಲ ಕೌದಿಗೆ ಒಂದು ಹತ್ತಿ ಸೀರೆ, ಒಂದು ಧೋತರ ಇಲ್ಲವೇ ಪಂಚೆ, ನಾಲ್ಕೈದು ಜನರಿಂದ ಕೇಳಿ ತಂದ ತುಂಡುಗಳು ಸಾಕು. ಬಿಸಿನೀರಲ್ಲಿ ಒಗೆದು ಬಿಸಿಲಲ್ಲಿ ಒಣಗಿಸಿ. ನಾಲ್ಕೈದು ಪದರ ಸಾಕು. ಗುಂಡಿ, ಹುಕ್ಕು, ಜರಿ ಯಾವುದೂ ಇರಕೂಡದು. ಹೊಲಿಗೆ ಯಂತ್ರ ಬೇಡ, ಕೈಸೂಜಿಯೇ ಆಗಲಿ. ಯಂತ್ರದ ಬಿಗಿ ಹೊಲಿಗೆಯಲ್ಲಿ ಕೌದಿ ಗಡಸಾಗುತ್ತದೆ. ಯಾರ ಅರಿವೆ ಎಲ್ಲಿದೆ ಎಂದು ಒಂದು ಹಾಳೆಯಲ್ಲಿ ಬರೆದು ಕೂಸಿನ ಅವ್ವನ ಕೈಗೆ ಕೊಡಿ. ನಿಮ್ಮ ಮನೆಯಲ್ಲೋ ಮಗ್ಗಲ ಮನೆಯ ಹಿರಿಯರಲ್ಲೋ ಕೌದಿ ಹೊಲಿಯಬಲ್ಲ ಕೈ ಇನ್ನೂ ಇದ್ದರೆ ಈ ಬೇಸಿಗೆಯಲ್ಲೇ ಅವರ ಪಕ್ಕ ಕೂತು ಕಲಿಯಿರಿ. ಮುಂದಿನ ಬೇಸಿಗೆಗೆ ಬಿಡಬೇಡಿ.